ಅಂಗಾಲಿನ ಹಳದಿ

ನಮ್ಮೂರಲ್ಲಿ ಆಸ್ಪತ್ರೆಯಿಂದ ಕೂಸು ಮನೆಗೆ ಬಂದರೆ ಮೂರನೆಯ ದಿನ ಒನ್‌ಚಿ ಬಂದೇ ಬರುತ್ತಾಳೆ. ಐರಾವತಿ ನದಿ ದಂಡೆಯ ನಾಲ್ಕು ಊರಿಗೆ ಅವಳೊಬ್ಬಳೇ ನರ್ಸು. ಹಳೇ ಸೈಕಲ್ಲು, ಮಗುವಿನ ತೂಕ ನೋಡುವ ಜೋಳಿಗೆ, ಕೆನ್ನೆಗೆ ತನಖಾ ಮರ ತೇಯ್ದ ಗಂಧ. ಮದುವೆಯಾಗಲಿಲ್ಲ. "ಇಷ್ಟು ಹೆರಿಗೆ ನೋಡಿದ ಮೇಲೆ ಹೆರೋ ಧೈರ್ಯ ಯಾರಿಗಿರುತ್ತೆ?" ಎನ್ನುತ್ತಾಳೆ. ಬಂದವಳು ಮಾತಿಗೆ ಮೊದಲು ಉಗುರುಸಂದಿಯವರೆಗೂ ಕೈ ತೊಳೆಯುತ್ತಾಳೆ. ಆಮೇಲೆ ಮಗುವಿನ ಹೊಕ್ಕುಳು ಮೂಸಿ ನೋಡುತ್ತಾಳೆ. ಅಲ್ಲಿ ಬೂದಿ ಹಚ್ಚಿದ ಅಜ್ಜಿಯರಿಗೆಲ್ಲ ಅವಳಿಂದ ಮಂಗಳಾರತಿ ಆಗಿದೆ. ನನಗೂ ಅವಳಿಗೂ ಅಷ್ಟಕ್ಕಷ್ಟೇ. ಐದು ಹೆತ್ತವಳಿಗೆ ಒಂದೂ ಹೆರದವಳು ಪಾಠ ಹೇಳುವುದೇ ಎಂಬ ಗರ್ವ ನನ್ನದು.

ಹೋದ ವರ್ಷ ನನ್ನ ಕಿರಿಮಗಳು ಚೋಝಿನ್ ಪೇಟೆ ಆಸ್ಪತ್ರೆಯಲ್ಲಿ ಗಂಡುಮಗು ಹೆತ್ತು ಮರುದಿನವೇ ಮನೆಗೆ ಬಂದಳು. ನಮ್ಮಲ್ಲಿ ಬಾಣಂತಿಗೆ ತಲೆಯಿಂದ ಪಾದದವರೆಗೆ ಅರಿಶಿನ ಬಳಿದು, ಕಂಬಳಿ ಹೊದಿಸಿ ಬೆವರಿಳಿಸುತ್ತೇವೆ. ಗಾಳಿ ಸೋಕದಂತೆ ಕಿಟಕಿ ಮುಚ್ಚಿದ್ದೆ. ಅವಳೆದೆಗೆ ಒರಗಿದ ಕೂಸಿಗೂ ಅರಿಶಿನ ಮೆತ್ತಿತ್ತು. ಬಹಳ ಸಾಧು ಕೂಸು. ಅಳುವಿಲ್ಲ, ರಂಪವಿಲ್ಲ, ಸದಾ ನಿದ್ದೆ. ಕೇರಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಮೂರನೆಯ ದಿನ ಒನ್‌ಚಿ ಬಂದಳು.

"ಮಗು ಕೊಡಕ್ಕ, ನೋಡ್ತೀನಿ."

"ಈಗಷ್ಟೇ ಮಲಗಿದೆ. ಅದರಮ್ಮಂಗೂ ನಿದ್ದೆ. ನಾಡಿದ್ದು ಬಾ."

"ಹಾಲು ಕುಡೀತಿದ್ಯಾ?"

"ಐದು ಹೆತ್ತಿದೀನಿ ಕಣೇ. ನಂಗೆ ಗೊತ್ತಾಗಲ್ವಾ?"

ಅವಳು ಸೈಕಲ್ಲು ತಿರುಗಿಸಿ ಹೊರಟಳು. ಒಳಗಿದ್ದ ಚೋಝಿನ್‌ಗೆ ಎಚ್ಚರವೇ ಆಗಲಿಲ್ಲ.

ಐದನೆಯ ದಿನ ಮತ್ತೆ ಬಂದವಳು ನನ್ನನ್ನು ಕೇಳಲಿಲ್ಲ. ಕೈ ತೊಳೆದು ನೇರ ಒಳಗೆ ನಡೆದು ಕಿಟಕಿ ತೆಗೆದಳು.

"ಹಳದಿಯಾಗಿದೆ."

"ಅರಿಶಿನ ಕಣೇ! ಅಮ್ಮನ ಮೈಯಿಂದ ಹತ್ತಿದ್ದು. ಕಣ್ಣು ಕಾಣಲ್ವಾ?"

ಅವಳು ಒದ್ದೆ ಬಟ್ಟೆಯಿಂದ ಮಗುವಿನ ಎದೆ, ತೋಳು ಒರೆಸಿದಳು. ಅರಿಶಿನ ಬಟ್ಟೆಗೆ ಬಂತು, ಹಳದಿ ಮಗುವಿನಲ್ಲೇ ಉಳಿಯಿತು. ಕಾಲಿಗೆ ಸುತ್ತಿದ್ದನ್ನು ಬಿಚ್ಚಿ ಅಂಗಾಲನ್ನು ಬೆರಳಿಂದ ಒತ್ತಿ ಬಿಟ್ಟಳು. ಅಲ್ಲೂ ಹಳದಿ.

"ಅಂಗಾಲಿಗೂ ಅಮ್ಮನ ಎದೆ ತಾಗಿತ್ತಾ ಅಕ್ಕ?"

ಹಿಮ್ಮಡಿ ತಟ್ಟಿದಳು. ಮಗು ಕಣ್ಣು ಬಿಡಲಿಲ್ಲ.

"ಕಾಮಾಲೆ. ಇದು ನಿದ್ದೆಯಲ್ಲ, ಹಾಲು ಚೀಪೋಕೂ ತ್ರಾಣ ಇಲ್ಲ ಇದಕ್ಕೆ. ಮಿದುಳಿಗೆ ಏರಿದ್ರೆ ಕೈಮೀರಿ ಹೋಗುತ್ತೆ. ಗಾಡಿ ಕರೆಸು, ಈಗ್ಲೇ ಆಸ್ಪತ್ರೆಗೆ ಹೊರಡಿ."

ಒನ್‌ಚಿಯೂ ನಮ್ಮ ಜೊತೆಗೇ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತ ಕೂತಿದ್ದೆ.

ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸಿದರು. ಅದು ಸಾಲದೆ ರಕ್ತವನ್ನೇ ಬದಲಿಸಬೇಕೆಂದರು. ನನ್ನ ಮಗನ ವಯಸ್ಸಿನ ಡಾಕ್ಟರು ಎಲ್ಲರೆದುರಿಗೆ ಕೇಳಿದ, "ಮೂರನೇ ದಿನ ಯಾರೂ ನೋಡ್ಲೇ ಇಲ್ವಾ?"

ಚೋಝಿನ್ ತಲೆಯೆತ್ತಿದಳು.

"ನಾನು ಹೋಗಲಿಲ್ಲ ಡಾಕ್ಟ್ರೇ. ತಪ್ಪಾಯ್ತು," ಎಂದಳು ಒನ್‌ಚಿ.

ಅವನು ಅವಳಿಗೆ ಮುಖಮೂತಿ ನೋಡದೆ ಬೈದ. ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು ಕೈಕಟ್ಟಿ ನಿಂತು ಕೇಳಿದಳು. ಊರಿಗೆಲ್ಲ ಕೇಳಿಸುವ ನನ್ನ ಬಾಯಿಗೆ ಆ ದಿನ ಬೀಗ ಬಿದ್ದಿತ್ತು. ನಾಚಿಕೆಯಾಯಿತು, ಆದರೂ ತುಟಿ ಬಿಚ್ಚಲಿಲ್ಲ.

ಹೊರಗೆ ಬಂದಾಗ ಕೇಳಿದೆ, "ಯಾಕೆ ಹಾಗಂದೆ?"

"ನಿನ್ನ ಮಗಳು ಇನ್ನೂ ನಲವತ್ತು ದಿನ ನಿನ್ನ ಕೈಯಡುಗೆ ತಿನ್ಬೇಕು, ಮಗೂಗೆ ಹಾಲು ಕೊಡ್ಬೇಕು. ನಿನ್ನ ಮೇಲೆ ಸಿಟ್ಟಾದ್ರೆ ಆರೈಕೆ ಯಾರ ಕೈಲಿ ಮಾಡಿಸ್ಕೋತಾಳೆ? ನನ್ನ ಮೇಲಾದ್ರೆ ಆಗ್ಲಿ. ಹೋಗು, ಹಾಲು ಹಿಂಡಿ ಕೊಡೋಕೆ ಹೇಳು."

ಮಗು ಉಳಿಯಿತು. ಈಗ ಗೋಡೆ ಹಿಡಿದು ನಡೆಯುತ್ತದೆ, ಕರೆದರೆ ತಿರುಗಿ ನಗುತ್ತದೆ. ಒನ್‌ಚಿಯ ಸೈಕಲ್ಲು ನಮ್ಮ ಬೀದಿಗೆ ಬಂದರೆ ಚೋಝಿನ್ ಮಗುವನ್ನೆತ್ತಿಕೊಂಡು ಒಳಗೆ ಹೋಗುತ್ತಾಳೆ. "ಬರಬೇಕಾದ ದಿನ ಬರದವಳು, ಈಗ್ಯಾಕೆ ಬೇಕು?" ಎನ್ನುತ್ತಾಳೆ, ಅವಳಿಗೆ ಕೇಳಿಸುವ ಹಾಗೆಯೇ. ಒನ್‌ಚಿ ಬೆಲ್ಲು ಹೊಡೆದು ಮುಂದೆ ಹೋಗುತ್ತಾಳೆ. ನಾನು ಅಲ್ಲೇ ಅಕ್ಕಿ ಆರಿಸುತ್ತ ಕೂತಿರುತ್ತೇನೆ.

ನಿಮಗೆ ಹೇಳಿದೆ. ಮಗಳಿಗೆ ಇನ್ನೂ ಹೇಳಿಲ್ಲ.