ಗೀಸರಿನ ಹಳದಿ ಜ್ವಾಲೆ

ಕೋವಿಡ್ ಅಬ್ಬರ ತಗ್ಗಿದ ಮೇಲಿನ ಎರಡನೆಯ ಮಳೆಗಾಲ. ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರ ಉಪನ್ಯಾಸಕಿಯಾಗಿ ನಿವೃತ್ತಳಾಗಿದ್ದ ನಾನು, ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಕೋಚಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ನರ್ಸಿಂಗ್ ಪ್ರವೇಶ ಪರೀಕ್ಷೆಯನ್ನು ಎರಡನೇ ಸಲ ಬರೆಯುವ ಹುಡುಗಿಯರಿಗೆ ಬೆಳಿಗ್ಗೆ ಮೂಲ ರಸಾಯನಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಆಮ್ಲ, ಪ್ರತ್ಯಾಮ್ಲ, ಪಿಎಚ್, ದ್ರಾವಣಗಳ ಸಾರತೆ, ದಹನ, ಪಠ್ಯ ಅಷ್ಟೇ. ಆದರೆ ಹೆಚ್ಚಿನವರು ಇವನ್ನೆಲ್ಲ ಉರು ಹೊಡೆದು ಪಿಯುಸಿ ದಾಟಿ ಬಂದವರು.

ಆ ತಂಡದಲ್ಲಿ ಖಾನಾಪುರ ಕಡೆಯ ಇಬ್ಬರು ಗೆಳತಿಯರಿದ್ದರು, ಸುಜಾತಾ ಮತ್ತು ರೇಣುಕಾ. ಸುಜಾತಾಳ ಮನೆಮಾತು ಮರಾಠಿ. ಕನ್ನಡದಲ್ಲಿ ಯೋಚಿಸಿ, ತಡೆದು, ಪ್ರಶ್ನೆ ಕೇಳುವವಳು. ರೇಣುಕಾ ಚುರುಕು. ಲೆಕ್ಕ ಹಾಕುವುದರೊಳಗೆ ಉತ್ತರ ಹೇಳಿಬಿಡುತ್ತಿದ್ದಳು. ಇಬ್ಬರೂ ಅನಗೋಳದ ಒಂದು ಮನೆಯ ಹಿಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದರು.

ಮಳೆ ಹಿಡಿದ ಮೇಲೆ ಇಬ್ಬರೂ ಮಂಕಾದರು. ಬೆಳಿಗ್ಗೆ ತಲೆ ಹಿಡಿದುಕೊಂಡು ಬಂದು ಕೂರುವರು. ರೇಣುಕಾಳಿಗೆ ವಾಕರಿಕೆ. ಕಣ್ಣಿನ ಡಾಕ್ಟರು ನೋಡಿ ಏನೂ ಇಲ್ಲ ಅಂದರು. ವಿಚಿತ್ರವೆಂದರೆ, ರವಿವಾರ ಖಾನಾಪುರಕ್ಕೆ ಹೋದರೆ ನೋವು ಮಾಯವಾಗುತ್ತಿತ್ತು. ಬೆಳಗಾವಿಗೆ ಮರಳಿದರೆ ಮತ್ತೆ ಶುರು.

"ಇಲ್ಲಿ ನೀರು ನಮಗ ಹಿಡಸವಲ್ದು ನೋಡ್ರಿ ಬಾಯಾರ," ಎಂದು ರೇಣುಕಾ ನಗುತ್ತಿದ್ದಳು. ಬಾಯಾರ ಎಂದರೆ ಆ ಕಡೆ ಟೀಚರಮ್ಮ. ಮನೆಯೊಡತಿ ಮಾತ್ರ ದೃಷ್ಟಿಯಾಗಿದೆ ಎಂದು ಕೋಣೆಯ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ್ದರಂತೆ.

ಆ ದಿನ ದಹನದ ಪಾಠ. ಸುಜಾತಾ ಒಬ್ಬಳೇ ಬಂದಿದ್ದಳು. ಇಂಧನಕ್ಕೆ ಬೇಕಾದಷ್ಟು ಆಮ್ಲಜನಕ ಸಿಕ್ಕರೆ ಜ್ವಾಲೆ ನೀಲಿ, ಹೊರಬರುವುದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ. ಗಾಳಿ ಸಾಲದಿದ್ದರೆ ಜ್ವಾಲೆ ಹಳದಿಗೆ ತಿರುಗುತ್ತದೆ, ಆಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗಿಂತಲೂ ಹೆಚ್ಚು ಬಿಗಿಯಾಗಿ ಅದನ್ನೇ ಹಿಡಿದುಕೊಳ್ಳುತ್ತದೆ.

ಸುಜಾತಾ ಕೈ ಎತ್ತಿದಳು. "ಬಾಯಾರ, ನಮ್ಮ ಗ್ಯಾಸ್ ಗೀಸರದಾಗ ಜ್ವಾಲಿ ಹಳದಿನೇ ಬರ್ತದ. ಅದೂ ಹಿಂಗೇನ್ರಿ?"

ಸೀಮೆಸುಣ್ಣ ಕೈಯಲ್ಲೇ ಉಳಿಯಿತು. "ಗೀಸರ್ ಎಲ್ಲಿ ಅದ?"

"ಬಾತ್‌ರೂಮಿನ ಒಳಗ."

"ಕಿಟಕಿ?"

"ಮಳಿ ಬಡೀತದಂತ ಮಾಲಕೀಣಬಾಯಿ ಪ್ಲ್ಯಾಸ್ಟಿಕ್ ಬಡಿಸ್ಯಾರ್ರಿ."

"ರೇಣುಕಾ ಎಲ್ಲಿ?"

"ತಲಿ ಭಾಳ ಸಿಡ್ಯಾಕತ್ತೈತಿ, ಬಿಸಿನೀರು ಹೊಯ್ಕೊಂಡು ಬರ್ತೀನಿ ಅಂದ್ಲು..." ಮಾತು ಮುಗಿಸುವ ಮೊದಲೇ ಅವಳ ಮುಖ ಬಿಳುಪೇರಿತು.

ರೇಣುಕಾಳಿಗೆ ಫೋನ್ ಮಾಡಿದೆವು. ರಿಂಗಾಯಿತು, ಎತ್ತಲಿಲ್ಲ. ನನ್ನ ಸ್ಕೂಟರಿನ ಹಿಂದೆ ಕುಳಿತ ಸುಜಾತಾ ದಾರಿಯುದ್ದಕ್ಕೂ ಮತ್ತೆ ಮತ್ತೆ ಡಯಲ್ ಮಾಡುತ್ತಲೇ ಇದ್ದಳು. ರೈಲ್ವೆ ಗೇಟು ಹಾಕಿತ್ತು. ಮಳೆಯಲ್ಲಿ ಗೂಡ್ಸ್ ಗಾಡಿಯ ಡಬ್ಬಿಗಳು ಒಂದೊಂದಾಗಿ ಸರಿಯುವುದನ್ನು ನೋಡುತ್ತ ನಿಂತೆವು. ಅಷ್ಟು ನಿಧಾನವಾದ ರೈಲನ್ನು ನಾನು ಮತ್ತೆ ಕಂಡಿಲ್ಲ.

ಬಾತ್‌ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ. ಒಳಗೆ ನೀರು ಸುರಿಯುತ್ತಿತ್ತು, ಗೀಸರ್ ಭುಸುಗುಡುತ್ತಿತ್ತು. ಕೂಗಿದರೆ ಉತ್ತರವಿಲ್ಲ. ಸಿಲಿಂಡರ್ ಹೊರಗಿನ ಓಣಿಯಲ್ಲಿತ್ತು. ಮೊದಲು ಅದನ್ನು ಬಂದ್ ಮಾಡಿದೆ. ಸುಜಾತಾ ಅಂಗಳದ ಗುಂಡುಕಲ್ಲು ಎತ್ತಿ ಚಿಲಕದ ಜಾಗಕ್ಕೆ ಹೊಡೆದಳು. ಮೂರನೇ ಹೊಡೆತಕ್ಕೆ ಬಾಗಿಲು ಬಿಟ್ಟಿತು.

"ಒಳಗೆ ಉಸಿರು ತಗೋಬ್ಯಾಡ!" ಎಂದೆ. ಇಬ್ಬರೂ ಉಸಿರು ಕಟ್ಟಿ ನುಗ್ಗಿ, ಬೆತ್ತಲೆ ಬಿದ್ದಿದ್ದ ರೇಣುಕಾಳ ತೋಳು ಹಿಡಿದು ಅಂಗಳಕ್ಕೆ ಎಳೆದೆವು. ಮನೆಯೊಡತಿ ತಮ್ಮ ಸೀರೆ ತಂದು ಹೊದಿಸಿದರು. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಕೆನ್ನೆಗಳಲ್ಲಿ ನಸುಗೆಂಪು, ಆರೋಗ್ಯವಂತೆ ನಿದ್ದೆ ಹೋದಂತೆ ಕಾಣುತ್ತಿದ್ದಳು. ಮೊನಾಕ್ಸೈಡ್ ಹಿಡಿದ ರಕ್ತಕ್ಕೆ ಅಂಥದೇ ಕೆಂಪು, ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಆಸ್ಪತ್ರೆಯಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿದರು. ತೊಂಬತ್ತೆಂಟು. ಕರ್ತವ್ಯದಲ್ಲಿದ್ದ ಯುವ ಡಾಕ್ಟರು, "ಆಕ್ಸಿಜನ್ ನಾರ್ಮಲ್ ಐತಿ. ಉಪವಾಸ ಇದ್ಲೇನು?" ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಸುಜಾತಾ ಅಳುತ್ತಲೇ ಹೇಳಿದಳು: "ಗ್ಯಾಸ್ ಗೀಸರ್ ಹಚ್ಚಿತ್ರಿ. ಕಿಟಕಿ ಬಂದ್ ಇತ್ತು. ನನಗೂ ದಿನಾ ತಲಿ ನೋಯ್ತದ."

ಡಾಕ್ಟರ ಮುಖ ಬದಲಾಯಿತು. ಆ ಸಾಧನಕ್ಕೆ ಮೊನಾಕ್ಸೈಡ್ ಹಿಡಿದ ರಕ್ತವೂ ಆಮ್ಲಜನಕ ಹಿಡಿದ ರಕ್ತದಂತೆಯೇ ಕಾಣುತ್ತದೆ, ಅದರ ಅಂಕಿಯನ್ನು ನಂಬುವಂತಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕಾರಣ ಮಾತ್ರ ಯಾರಾದರೂ ಹೇಳಬೇಕಿತ್ತು. ತಕ್ಷಣ ಪೂರ್ಣ ಪ್ರಮಾಣದ ಆಮ್ಲಜನಕದ ಮಾಸ್ಕ್ ಹಾಕಿಸಿ, ರಕ್ತ ಪರೀಕ್ಷೆಗೆ ಕಳಿಸಿದರು. ಸುಜಾತಾಳನ್ನೂ ಬಾಜೂ ಹಾಸಿಗೆಯಲ್ಲಿ ಮಲಗಿಸಿದರು.

ನಮ್ಮೊಂದಿಗೆ ಬಂದು ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಮನೆಯೊಡತಿ ನನಗೆ ಹೇಳಿದರು. "ಹೋದ ಮಳಿಗಾಲದಾಗ ಇದ್ದ ಹುಡುಗೀನೂ ಅಲ್ಲೇ ಬಿದ್ದಿದ್ಲ್ರೀ. ಎದ್ದು ಕುಂತ್ಲು, ಮರುದಿನ ಖೋಲಿ ಬಿಟ್ಟು ಹೋದ್ಲು. ನಾ ಖರೇನ ಗಾಳಿ ಬಡದೈತಿ ಅಂತ ತಿಳದಿದ್ದೆ."

ಗಾಳಿಯೇ ಬಡಿದಿತ್ತು, ದೆವ್ವದ್ದಲ್ಲ, ಗೀಸರಿನದು.

ಸಂಜೆ ರೇಣುಕಾ ಕಣ್ಣು ಬಿಟ್ಟಳು. ಎಲ್ಲರೂ ಗೆದ್ದೆವೆಂದುಕೊಂಡೆವು. ಕೆಲವು ವಾರಗಳ ನಂತರ ಖಾನಾಪುರದ ಅವಳ ಮನೆಗೆ ಹೋದಾಗ ಅವಳೇ ಚಹಾ ಮಾಡಲು ಎದ್ದಳು. ಒಳಗಿನಿಂದ ಸದ್ದಿಲ್ಲ. ಹೋಗಿ ನೋಡಿದರೆ ಸಕ್ಕರೆ ಡಬ್ಬಿ ಹಿಡಿದು ನಿಂತಿದ್ದಳು. "ಏನ್ ಮಾಡಾಕ ಬಂದಿದ್ದೆ ನಾ?" ಎಂದು ನನ್ನನ್ನೇ ಕೇಳಿದಳು. ಈ ವಿಷ ಕೆಲವರಲ್ಲಿ ತಡವಾಗಿ ಮಿದುಳನ್ನು ಕಾಡುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನಿಧಾನಕ್ಕೆ ಸುಧಾರಿಸಿದಳು, ಆದರೆ ಪರೀಕ್ಷೆ ಬರೆಯಲಿಲ್ಲ. ಸುಜಾತಾ ಬರೆದಳು, ಈಗ ನರ್ಸಿಂಗ್ ಓದುತ್ತಿದ್ದಾಳೆ.

ವಿದ್ಯಾರ್ಥಿನಿ ಪ್ರಶ್ನೆ ಕೇಳಿದಾಗ ಉತ್ತರ ಹೇಳುವ ಮೊದಲು, ಆ ಪ್ರಶ್ನೆ ಯಾವ ಮನೆಯಿಂದ ಎದ್ದು ಬಂದಿದೆ ಎಂದು ವಿಚಾರಿಸಬೇಕು. ಇಷ್ಟು ವರ್ಷ ಪಾಠ ಹೇಳಿದ ನನಗೆ ನನ್ನ ವೃತ್ತಿ ಇದನ್ನು ಕಲಿಸಿದ್ದು ಆ ಬೆಳಿಗ್ಗೆ. ಈಗ ದಹನವನ್ನು ಕೊನೆಗೆ ಇಟ್ಟುಕೊಳ್ಳುವುದಿಲ್ಲ, ಮೊದಲ ದಿನವೇ ಹೇಳುತ್ತೇನೆ. ಈ ಸಲದ ತಂಡದಲ್ಲೂ, ಬಾತ್‌ರೂಮಿನೊಳಗೇ ಗ್ಯಾಸ್ ಗೀಸರ್ ಇರುವವರು ಕೈ ಎತ್ತಿ ಅಂದೆ. ಮುಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು, ಅದರ ಹಿಂದೆ ಇನ್ನೊಂದು. ಆಮೇಲೆ ಗೋಡೆಯ ಬದಿಗೆ ಎರಡೂ ಕೈಗಳಿಂದ ತಲೆ ಒತ್ತಿ ಹಿಡಿದು ಕುಳಿತಿದ್ದ ಹುಡುಗಿ ಮೆಲ್ಲಗೆ ಒಂದು ಕೈ ಬಿಡಿಸಿ ಮೇಲೆತ್ತಿದಳು.