ಬಾಚಣಿಗೆ ಇಳಿಯದ ಶಾಂಪೂ

ಕೊರೊನಾ ಗದ್ದಲ ಇಳಿದ ಮೇಲಿನ ಎರಡನೆಯ ವರ್ಷ. ಆಗ ನಾನು ಹುಬ್ಬಳ್ಳಿ ಹತ್ತಿರದ ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶಾಂಪೂ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗವೆಂದರೆ ಒಂದು ಕೋಣೆ, ಒಂದು ಸಿಂಕು ಮತ್ತು ನಾನು. ನಿವೃತ್ತಿಯ ನಂತರ ಹಿಡಿದ ಕೆಲಸವಾದರೂ ನನ್ನ ಪದ್ಧತಿಯನ್ನು ಸಡಿಲಿಸಿರಲಿಲ್ಲ. ಟ್ಯಾಂಕಿನಲ್ಲಿ ಒಂದು ಸಲ ಕಲಸಿದ ಮಾಲಿಗೆ ಬ್ಯಾಚ್ ಎನ್ನುತ್ತಾರೆ. ಪ್ರತಿ ಬ್ಯಾಚಿನ ಒಂದು ಬಾಟಲಿಗೆ ನಂಬರ್, ತಾರೀಖು ಹಾಕಿ ಕಪಾಟಿನಲ್ಲಿ ಕಾದಿಡಬೇಕು, ನಾಳೆ ದೂರು ಬಂದರೆ ತೆಗೆದು ನೋಡಲು. ಕಾರ್ಮಿಕರು ಅದಕ್ಕೆ 'ಸರ್ ಅವರ ಉಪ್ಪಿನಕಾಯಿ ಕಪಾಟು' ಎಂದು ಹೆಸರಿಟ್ಟು ನಗುತ್ತಿದ್ದರು. ನಗಲಿ, ಬಾಟಲಿ ಇಟ್ಟರಾಯಿತು ಎಂದುಕೊಳ್ಳುತ್ತಿದ್ದೆ.

ನಮ್ಮ ಶಾಂಪೂವಿನ ಜೀವಾಳ ಪಾಲಿಕ್ವಾಟರ್ನಿಯಂ-೧೦ ಎಂಬ ಬಿಳಿ ಪುಡಿ. ಇದೊಂದು ಕಂಡೀಷನಿಂಗ್ ಪಾಲಿಮರ್. ಒದ್ದೆ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ, ಈ ಪಾಲಿಮರ್‌ನಲ್ಲಿ ಧನ ವಿದ್ಯುದಂಶ. ಆದ್ದರಿಂದ ನೊರೆ ತೊಳೆದು ಹೋದರೂ ಇದರ ತೆಳುವಾದ ಪದರ ಕೂದಲಿಗೆ ಅಂಟಿ ಉಳಿಯುತ್ತದೆ. ಬಾಚಣಿಗೆ ಸಲೀಸಾಗಿ ಇಳಿಯುವುದು ಅದರಿಂದಲೇ. ನೂರು ಕಿಲೋ ಶಾಂಪೂವಿಗೆ ಅರ್ಧ ಕಿಲೋಗಿಂತ ಕಡಿಮೆ ಸಾಕು. ಆದರೆ ನೀರು ತಿರುಗುತ್ತಿರುವಾಗ ನಿಧಾನವಾಗಿ ಉದುರಿಸಬೇಕು. ಒಮ್ಮೆಲೇ ಸುರಿದರೆ ಜುಣಕಕ್ಕೆ ಕಲಸುವ ಕಡಲೆ ಹಿಟ್ಟಿನಂತೆ ಗಂಟು ಕಟ್ಟುತ್ತದೆ. ಆ ಕೆಲಸವನ್ನು ವರ್ಷಗಳಿಂದ ಮಾಡುತ್ತಿದ್ದವರು ಗಂಗವ್ವ.

ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ನಾನು ಒಂದು ತಿಂಗಳಿಗೂ ಹೆಚ್ಚು ರಜೆಯಲ್ಲಿದ್ದೆ. ಮರಳಿದ ದಿನ ಟ್ಯಾಂಕಿನ ಮುಂದೆ ಗಂಗವ್ವ ಇರಲಿಲ್ಲ. ಕೇಳಿದರೆ, ಉತ್ಪಾದನಾ ಮ್ಯಾನೇಜರ್ ಪ್ರವೀಣ ಮುಖ ಎತ್ತದೆ ಹೇಳಿದ:

"ಪಾಲಿಮರ್ ಹಾಕೂದ ಮರತಾಳ್ರಿ ಸರ್. ಕಂಪ್ಲೇಂಟ್ ಬಂದಾವು. ಕೆಲಸದಿಂದ ತಗದೇವಿ."

ದೂರು ನಿಜವಾಗಿತ್ತು. ಧಾರವಾಡದ ಬ್ಯೂಟಿ ಪಾರ್ಲರ್ ಒಂದರ ಒಡತಿ ಬಾಟಲಿ ಹಿಡಿದು ಕಾರ್ಖಾನೆಗೇ ಬಂದಿದ್ದರಂತೆ. ನಾನು ಫೋನ್ ಮಾಡಿದಾಗಲೂ ಅವರ ಸಿಟ್ಟು ಇಳಿದಿರಲಿಲ್ಲ. "ಬಾಚಣಿಕಿ ಇಳೀವಲ್ದು ಅಂದ್ರ ಏನ್ ಮಾಡ್ಬೇಕ್ರಿ? ಮದುಮಗಳು ನನ್ನ ಮುಂದ ಕೂತು ಅತ್ಲು. ಕಡೀಕ ಸಿಕ್ಕು ಕತ್ತರಿಸಬೇಕಾತು. ಬಾಟ್ಲಿ ಮ್ಯಾಲೆ ರೇಷಮಿಯಂಥ ಕೂದಲಾ ಅಂತ ಬರದೀರಿ, ನಾಚಿಕಿ ಬರಂಗಿಲ್ಲೇನ್ರಿ ನಿಮಗ?"

ಕ್ಷಮೆ ಕೇಳಿ ಫೋನ್ ಇಟ್ಟೆ. ಆದರೆ ಗಂಗವ್ವ ಮರೆತರು ಎನ್ನುವುದನ್ನು ನನ್ನ ಮನಸ್ಸು ಒಪ್ಪಲಿಲ್ಲ. ಸಂಜೆ ತಾರಿಹಾಳ ಊರೊಳಗಿನ ಅವರ ಮನೆಗೆ ಹೋದೆ. ಅವರು ಬಾಗಿಲಲ್ಲೇ ನಿಂತು ಮಾತಾಡಿದರು.

"ಪೌಡರ್ ಬಂದಿಲ್ಲ, ಹಂಗ ಮಾಡು ಅಂದಾಂವ ಪ್ರವೀಣ. ಈಗ ನಾ ಅಂದೇ ಇಲ್ಲ ಅಂತಾನ. ಊಟದ ಹೊತ್ತಿನ್ಯಾಗ ಎಲ್ಲಾರ ಮುಂದ ಸಾವ್ಕಾರ್ರು 'ನಿನಗ ವಯಸ್ಸಾತು, ಅರವು ಮರವು ಶುರು ಆಗೇತಿ' ಅಂದ್ರು. ಬಾಜೂ ಫ್ಯಾಕ್ಟರಿಗೆ ಕೆಲಸ ಕೇಳಾಕ ಹೋದ್ರ ಅಲ್ಲೂ ಅದ ಮಾತು ಮುಟ್ಟೇತ್ರಿ. ಮರವಿನ ಹೆಂಗಸಿಗೆ ಮಷಿನ್ ಮುಂದ ಯಾರು ನಿಲ್ಲಸ್ತಾರ?"

ಕೆಲಸ ಹೋದದ್ದಕ್ಕಿಂತ ಆ ಹೆಸರು ಅವರನ್ನು ಹೆಚ್ಚು ಕೊರೆಯುತ್ತಿತ್ತು. ಆದರೆ ಅವರ ಮಾತಿಗೆ ಎದುರು ಪ್ರವೀಣನ ಮಾತು, ಸಾಕ್ಷಿ ಬೇಕಿತ್ತು. ನಾನಿಲ್ಲದ ದಿನಗಳಲ್ಲೂ ಕಾರ್ಮಿಕರು ಕಪಾಟಿಗೆ ಬಾಟಲಿ ಇಡುವ ಪದ್ಧತಿ ನಡೆದೇ ಇತ್ತು. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

"ಈ ನಡುವ ನೀವು ಸೂಟಿ ತಗೊಂಡಿದ್ರೇನ್ರಿ?" ಎಂದು ಕೇಳಿದೆ.

"ಹೂಂ, ತಂಗಿ ಮಗಳ ಮದುವಿಗೆ ಗದಗಿಗೆ ಹೋಗಿದ್ದೆ. ಆ ವಾರ ಪ್ರವೀಣನ ನಿಂತು ಕಲಸ್ಯಾನ."

ನನಗೆ ಬೇಕಾದದ್ದು ಸಿಕ್ಕಿತು. "ನಾಳೆ ಫ್ಯಾಕ್ಟರಿಗೆ ಬರ್ರಿ. ತಪ್ಪು ಯಾರ ಮ್ಯಾಲೆ ಹೊರಿಸ್ಯಾರೋ ಅವರು ಎದುರಿಗೆ ಇರಬೇಕು" ಎಂದೆ.

ಮರುದಿನ ಮಾಲೀಕ ಶಿವಾನಂದಪ್ಪನವರನ್ನೂ ಪ್ರವೀಣನನ್ನೂ ನನ್ನ ಕೋಣೆಗೆ ಕರೆದೆ. ಗಂಗವ್ವ ಬಾಗಿಲ ಪಕ್ಕ ನಿಂತರು. ಪರೀಕ್ಷೆಗೆಂದು ವಿಗ್ ಮಾಡುವವರಿಂದ ತರಿಸಿದ್ದ ಕೂದಲಿನ ಮೂರು ಜೊಂಪೆಗಳನ್ನು ಮೂರು ಬ್ಯಾಚಿನ ಶಾಂಪೂವಿನಿಂದ ತೊಳೆದು ಕೊಕ್ಕೆಗೆ ತೂಗುಹಾಕಿದೆ. ಮೊದಲನೆಯದು ನಾನು ರಜೆಗೆ ಹೋಗುವ ಮುಂಚಿನ ಬ್ಯಾಚು. ಬಾಚಣಿಗೆ ತುದಿಯವರೆಗೆ ತಡೆಯಿಲ್ಲದೆ ಇಳಿಯಿತು. ಎರಡನೆಯದು ಪಾರ್ಲರಿನ ದೂರಿನದು. ಬಾಚಣಿಗೆ ನಡುವೆ ಸಿಕ್ಕಿಕೊಂಡಿತು.

"ನಾ ಹೇಳಿದ್ನಲ್ರಿ!" ಎಂದ ಪ್ರವೀಣ.

"ಮೂರನೇದು ನೀನ ಬಾಚಪಾ" ಎಂದು ಬಾಚಣಿಗೆಯನ್ನು ಅವನ ಕೈಗೆ ಕೊಟ್ಟೆ. ಅವನು ಎಳೆದ. ಬರಲಿಲ್ಲ. ಇನ್ನೊಮ್ಮೆ ಜಗ್ಗಿದ. ಬಾಚಣಿಗೆಯ ಎರಡು ಹಲ್ಲು ಮುರಿದು ಸಿಂಕಿಗೆ ಬಿದ್ದವು.

"ಇದು ಗಂಗವ್ವ ಗದಗಿನ್ಯಾಗ ಇದ್ದ ವಾರದ್ದು. ಕಲಸಿದಾಂವ ನೀನ. ನಿನಗೂ ಅರವು ಮರವೇನು?"

ಪ್ರವೀಣ ಮಾಲೀಕರ ಮುಖ ನೋಡಿದ. ಅವನು ಹಾಗೆ ನೋಡಿದ್ದರಲ್ಲೇ ಎಲ್ಲವೂ ಇತ್ತು. ಶಿವಾನಂದಪ್ಪನವರು ಕುರ್ಚಿ ಎಳೆದುಕೊಂಡು ಕುಳಿತರು.

"ಪೌಡರ್ ಬರೂದು ತಡಾ ಆತ್ರಿ. ಅದು ಬರೂಮಟ ಹಂಗ ನಡಸು ಅಂತ ನಾನ ಹೇಳಿದ್ದೆ. ಅಂಗಡಿಯವರು ಬಾಟ್ಲಿ ತಿರುವಿ ಗುಳ್ಳಿ ಸಾವಕಾಶ ಏರ್ತೈತಿಲ್ಲೋ ಅಷ್ಟ ನೋಡ್ತಾರ. ಅಂಗಡ್ಯಾಗ ಯಾರರ ತಲಿ ತೊಳಕೊಂಡು ನೋಡ್ತಾರೇನ್ರಿ?"

ಹುಬ್ಬಳ್ಳಿ ಪೇಟೆಯ ಸಗಟು ವ್ಯಾಪಾರಿಗಳ ರೂಢಿ ಅದು. ಗುಳ್ಳೆ ನಿಧಾನವಾಗಿ ಏರಿದರೆ ಶಾಂಪೂ ದಪ್ಪ, ದಪ್ಪ ಇದ್ದರೆ ಛಲೋ ಎಂಬ ಲೆಕ್ಕ. ಆದರೆ ಶಾಂಪೂವಿಗೆ ದಪ್ಪ ಬರಿಸಲು ಅಡುಗೆ ಉಪ್ಪು ಸಾಕು. ಪಾಲಿಮರ್ ಬಿಟ್ಟರೆ ಮಾಲು ಕೊಂಚ ತೆಳುವಾಗುತ್ತದೆ, ಅಷ್ಟು ಉಪ್ಪು ಹೆಚ್ಚು ಸುರಿದು ಗುಳ್ಳೆಯನ್ನು ಮೆಲ್ಲಗೆ ಏರಿಸಿದ್ದರು. ಇಷ್ಟಾದರೂ ಲೇಬಲ್ಲಿನಿಂದ ಪಾಲಿಮರ್ ಹೆಸರನ್ನು ತೆಗೆದಿರಲಿಲ್ಲ. ಗೊತ್ತಿದ್ದೂ ಗ್ರಾಹಕರಿಗೆ ಸುಳ್ಳು ಮಾರಿದರು, ಸಿಕ್ಕಿಬೀಳುವ ಹೊತ್ತಿಗೆ ಆ ಸುಳ್ಳನ್ನು ಎದುರು ಮಾತಾಡಲಾಗದ ಹೆಂಗಸಿನ ತಲೆಗೆ ಕಟ್ಟಿದರು. ಇಷ್ಟು ವರ್ಷದ ನೌಕರಿಯಲ್ಲಿ ಕೆಟ್ಟ ಮಾಲು ಸಾಕಷ್ಟು ನೋಡಿದ್ದೇನೆ. ಅಂದು ನನಗೆ ಸಿಟ್ಟು ಬಂದದ್ದು ಮಾಲಿಗಾಗಿ ಅಲ್ಲ.

"ಉಳಿದ ಸ್ಟಾಕು ಗೇಟು ದಾಟಬಾರದು. ದಾಟಿದರೆ ನನ್ನ ರಾಜೀನಾಮೆ ಇವತ್ತೇ, ಕಾರಣವನ್ನು ಡ್ರಗ್ಸ್ ಕಂಟ್ರೋಲ್ ಇಲಾಖೆಗೆ ಬರೆದು ತಿಳಿಸುತ್ತೇನೆ" ಎಂದೆ. ಶಾಂಪೂವಿನಂಥ ಸೌಂದರ್ಯವರ್ಧಕಗಳ ಮೇಲಿನ ನಿಗಾ ಆ ಇಲಾಖೆಯದೇ. ಮಾಲೀಕರು ಒಪ್ಪಿದರು. ಆಮೇಲೆ ಗಂಗವ್ವನ ಕಡೆ ತಿರುಗಿ, ದೊಡ್ಡ ಮನಸ್ಸು ಮಾಡಿದವರಂತೆ ಹೇಳಿದರು: "ಆಗಿದ್ದು ಆತು ಬೇ ಯಕ್ಕಾ. ನಾಳಿಂದ ಕೆಲಸಕ್ಕ ಬಾ."

ಗಂಗವ್ವ ಸೆರಗು ಸರಿಮಾಡಿಕೊಂಡು ಒಳಗೆ ಬಂದರು. "ಹಂಗ ಆಗೂದಿಲ್ರಿ ಸಾವ್ಕಾರ್ರ. ಮರತಾಳ ಅಂತ ಊಟದ ಹೊತ್ತಿನ್ಯಾಗ ಎಲ್ಲಾರ ಮುಂದ ಹೇಳಿದ್ರಿ. ಮರತಿಲ್ಲ ಅಂತ ಹೇಳೂದೂ ಊಟದ ಹೊತ್ತಿನ್ಯಾಗ ಆಗ್ಲಿ."

ಊಟದ ಹೊತ್ತು ಬಂತು. ಕಾರ್ಮಿಕರು ಬುತ್ತಿ ಬಿಚ್ಚಿ ಕುಳಿತಿದ್ದರು. ಶಿವಾನಂದಪ್ಪನವರು ಗೋಡೆಯ ಕಡೆ ನೋಡುತ್ತ, ಗಂಗವ್ವನದು ತಪ್ಪಿಲ್ಲ ಎಂದು ಗೊಣಗಿದರು.

"ಹಿಂದ ಕುಂತಾವ್ರಿಗೆ ಕೇಳಸ್ಲಿಲ್ರಿ" ಎಂದರು ಗಂಗವ್ವ.

ಮಾಲೀಕರು ಮತ್ತೊಮ್ಮೆ, ಈ ಸಲ ಗಟ್ಟಿಯಾಗಿ ಹೇಳಿದರು: "ಪಾಲಿಮರ್ ಬಿಡು ಅಂತ ಹೇಳಿದಾಂವ ನಾನು. ಆಕಿ ಮರತಿಲ್ಲ." ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಒಬ್ಬ ಹೆಂಗಸು ಸರಿದು, ಗಂಗವ್ವನಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ಅಷ್ಟರೊಳಗೆ ಅಂಗಡಿ ಸೇರಿದ್ದ ಬಾಟಲಿಗಳನ್ನು ಮರಳಿ ತರಿಸಲು ನನ್ನಿಂದಾಗಲಿಲ್ಲ. ಆ ಸಿಟ್ಟು ಇಂದಿಗೂ ಆರಿಲ್ಲ. ಗುಣಮಟ್ಟ ಪರೀಕ್ಷಕನ ಕೆಲಸ ಮಾಲಿನ ದೋಷ ಹಿಡಿಯುವುದರೊಂದಿಗೆ ಮುಗಿಯುತ್ತದೆ ಎಂದೇ ನನಗೆ ಕಲಿಸಿದ್ದರು. ಮಾಲು ಕೆಟ್ಟಾಗ ಬೆರಳು ಯಾರ ಕಡೆ ತಿರುಗುತ್ತಿದೆ, ತಿರುಗಿಸುತ್ತಿರುವವರು ಯಾರು, ಇದನ್ನು ಪರೀಕ್ಷಿಸದೆ ವರದಿಗೆ ಸಹಿ ಹಾಕಬಾರದು ಎನ್ನುವುದನ್ನು ತಾರಿಹಾಳ ಕಲಿಸಿತು.