ಆರಿನ್ ಟಾಸ್ಕರ್‌ನ ಅಣ್ಣ

ಒಮಾನಿನ ಅಲ್ ಹೈಲ್‌ನ ಮೂರನೆಯ ಮಹಡಿಯ ಮನೆಯಲ್ಲಿ, ಸಮುದ್ರದ ಗಾಳಿ ಬರುವ ಕಿಟಕಿಯ ಬಳಿ, ಫಕೀರಪ್ಪನವರು ಮಧ್ಯಾಹ್ನದ ಊಟವಾದ ಮೇಲೆ ಕುಳಿತುಕೊಳ್ಳುವ ಒಂದು ಕುರ್ಚಿಯಿತ್ತು. ಎದುರು ಕಟ್ಟಡದ ಬಿಳಿಯ ಗೋಡೆಯ ಮೇಲೆ ಬಿಸಿಲು ಹರಡಿದಾಗ ಅವರ ಕಣ್ಣು ಅರ್ಧ ಮುಚ್ಚುತ್ತಿತ್ತು, ಮತ್ತು ಅವರಿಗೆ ಹಿಮ ಕಾಣುತ್ತಿತ್ತು. ಎಪ್ಪತ್ತಮೂರು ವರ್ಷಗಳಲ್ಲಿ ಅವರು ಹಿಮವನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಹುಟ್ಟಿದ್ದು ಗದಗ ಜಿಲ್ಲೆಯ ಎರೆಮಣ್ಣಿನಲ್ಲಿ, ದುಡಿದದ್ದು ಒಮಾನಿನ ಮರಳಿನಲ್ಲಿ. ಆದರೂ ಹಿಮ ಸುರಿಯುವ ಒಂದು ಸಣ್ಣ ರೈಲು ನಿಲ್ದಾಣ, ಅದರ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕುಳಿತ ಅಣ್ಣತಮ್ಮಂದಿರು, ಇಬ್ಬರ ನಡುವೆ ಒಂದೇ ಟೋಪಿ, ಇವೆಲ್ಲ ಅವರಿಗೆ ತಮ್ಮ ಊರಿನ ಬಾವಿಕಟ್ಟೆಯಷ್ಟೇ ಪರಿಚಿತ. ಅವರಲ್ಲಿ ತಮ್ಮನೇ ಆರಿನ್ ಟಾಸ್ಕರ್. ಅಮೆರಿಕದ ಕಪ್ಪುಬಿಳುಪು ಚಿತ್ರಗಳಲ್ಲಿ ತಂತಿ ಗುಮಾಸ್ತನಾಗಿ, ಹೋಟೆಲಿನ ಮಾಣಿಯಾಗಿ, ನಾಯಕನಿಗೆ ಕುದುರೆ ಹಿಡಿದುಕೊಡುವವನಾಗಿ ಬಂದುಹೋದ ನಟ.

"ನನ್ನ ತವರೂರಿನ ಹೆಸರು ಕೇಳಿದ್ರ ಒಂದ್ ಗಳಿಗಿ ತಡವರಸ್ತಾರ. ಆ ಬಿಳೀ ಮನಷ್ಯಾನ ಊರು ಮಾತ್ರ ನಾಲಿಗಿ ತುದಿ ಮ್ಯಾಲ ಕುಂತೈತಿ," ಎಂದು ಹೆಂಡತಿ ಮಲ್ಲವ್ವ ಅಡುಗೆಮನೆಯಿಂದಲೇ ಕುಟುಕುತ್ತಿದ್ದರು.

ಟಾಸ್ಕರ್ ಅವರ ಬಾಳಿನೊಳಕ್ಕೆ ಬಂದದ್ದು ಒಂದು ತಪ್ಪಿನಿಂದ.

ಫಕೀರಪ್ಪನವರು ಒಮಾನಿಗೆ ಬಂದದ್ದು ೧೯೭೬ರಲ್ಲಿ, ಒಳನಾಡಿನ ಒಂದು ತೈಲ ಕ್ಯಾಂಪಿಗೆ, ಜನರೇಟರ್ ವಿಭಾಗದ ಎಲೆಕ್ಟ್ರಿಷಿಯನ್ ಆಗಿ. ಅದಕ್ಕೂ ಮೊದಲು ಐದು ವರ್ಷ ಟೂರಿಂಗ್ ಟಾಕೀಸಿನಲ್ಲಿ ಯಂತ್ರ ನಡೆಸಿದ್ದರು. ಇದು ತಿಳಿದದ್ದೇ ತಡ, ಕ್ಯಾಂಪಿನ ಮ್ಯಾನೇಜರ್ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಪ್ರೊಜೆಕ್ಟರನ್ನು ಅವರ ಕೈಗೊಪ್ಪಿಸಿದ. ಗುರುವಾರ ಸಂಜೆ ಊಟದ ಶೆಡ್ಡಿನ ಹಿಂದಿನ ಗೋಡೆಗೆ ಸುಣ್ಣ ಬಳಿದು ಸಿನಿಮಾ ತೋರಿಸುವ ಪದ್ಧತಿ ಹೀಗೆ ಶುರುವಾಯಿತು. ಡಬ್ಬಿಗಳು ಸರಕು ವಿಮಾನದಲ್ಲಿ ಬರುತ್ತಿದ್ದವು. ಅವನ್ನು ಪಿಕಪ್ಪಿನಲ್ಲಿ ತರುತ್ತಿದ್ದವನು ಅಲಿ, ಮನಾಹ್ ಕಡೆಯ ಹಳ್ಳಿಯ ಇಪ್ಪತ್ತೆರಡು ವರ್ಷದ ಚಾಲಕ. ಒಂದು ಚಿತ್ರಕ್ಕೆ ಮೂರು ರೀಲು. ಯಂತ್ರ ಒಂದೇ ಇದ್ದುದರಿಂದ ಪ್ರತಿ ರೀಲು ಮುಗಿದಾಗ ನಾಲ್ಕು ನಿಮಿಷ ಕತ್ತಲೆ. ಬಿಸಿ ಆರದ ಯಂತ್ರಕ್ಕೆ ಹೊಸ ರೀಲು ಏರಿಸುವಷ್ಟು ಹೊತ್ತು ನೂರಿಪ್ಪತ್ತು ಜನ ಮರಳಿನ ಮೇಲೆ ಕುಳಿತು ಬೀಡಿ ಹಚ್ಚುತ್ತಿದ್ದರು.

ಒಂದು ಗುರುವಾರ ತೋರಿಸಿದ್ದು ಕುದುರೆ ಸವಾರರ ಚಿತ್ರ. ಎರಡನೆಯ ರೀಲಿನ ಡಬ್ಬಿಯಲ್ಲಿ ಮೂರನೆಯದನ್ನು ಯಾರೋ ತುಂಬಿಸಿಟ್ಟಿದ್ದರು. ಮೊದಲ ರೀಲಿನಲ್ಲಿ ಚುರುಕಾಗಿ ತಂತಿ ಬಡಿಯುತ್ತಿದ್ದ ತೆಳ್ಳನೆಯ ಗುಮಾಸ್ತ ಟಾಸ್ಕರ್ ಆಮೇಲೆ ಇದ್ದಕ್ಕಿದ್ದಂತೆ ಶವಪೆಟ್ಟಿಗೆಯಲ್ಲಿದ್ದ. ಊರೆಲ್ಲ ಅತ್ತಿತು. 'ಮುಗಿಯಿತು' ಎಂಬ ಅಕ್ಷರವೂ ಗೋಡೆಯ ಮೇಲೆ ಬಂತು. ಬೆವರಿದ ಫಕೀರಪ್ಪನವರು ಬೇರೆ ದಾರಿ ಕಾಣದೆ ಉಳಿದ ರೀಲನ್ನು ಏರಿಸಿದರು. ಜನ ಹೂತುಬಂದಿದ್ದ ಗುಮಾಸ್ತ ಮೇಜಿನ ಮುಂದೆ ಕುಳಿತು ನಗುತ್ತಿದ್ದ.

"ಯಾ ಅಲ್ಲಾ, ಭೂತ!" ಎಂದು ಯಾರೋ ಕೂಗಿದರು.

"ಆಪರೇಟರ್ ಸಾಬ್, ಸತ್ತವನನ್ನು ಎಷ್ಟು ವೋಲ್ಟು ಕೊಟ್ಟು ಎಬ್ಬಿಸಿದೆ?" ಎಂದು ಇನ್ನೊಬ್ಬ.

ನಗು ಅಲೆಯಾಗಿ ಎದ್ದಿತು. ತಪ್ಪು ಮಾಡಿದೆ ಎಂದು ಒಪ್ಪಿಕೊಳ್ಳುವುದು ಇಪ್ಪತ್ತೇಳರ ವಯಸ್ಸಿಗೆ ಕಷ್ಟದ ಮಾತು. "ಭೂತ ಅಲ್ಲ!" ಎಂದು ಫಕೀರಪ್ಪ ಕ್ಯಾಂಪಿನ ಹಿಂದಿಯಲ್ಲಿ ಕೂಗಿ ಹೇಳಿದರು. "ಸತ್ತವನು ಅಣ್ಣ, ಇವನು ತಮ್ಮ. ಇಬ್ಬರೂ ನಿಜವಾದ ಅಣ್ಣತಮ್ಮಂದಿರೇ. ಒಂಬತ್ತು ವರ್ಷದಿಂದ ಒಬ್ಬರಿಗೊಬ್ಬರು ಮಾತಾಡಿಲ್ಲ. ಅದಕ್ಕೇ ಒಟ್ಟಿಗೆ ಕಾಣಿಸುವುದಿಲ್ಲ."

ಜನ ನಂಬಿದರು. ರೀಲಿನ ಕೊನೆಯಲ್ಲಿ ಗುಮಾಸ್ತನಿಗೆ ಗುಂಡು ಬೀಳುವುದಿತ್ತು. ಗುಂಡು ಹಾರುವ ಮುಂಚೆಯೇ ದೀಪ ಆರಿಸಿ, ಬಲ್ಬು ಕಾದಿದೆ, ಆಟ ಮುಗಿಯಿತು ಎಂದುಬಿಟ್ಟರು. ಕತ್ತಲೆಯಲ್ಲಿ ಜನ ಏಳುತ್ತಿದ್ದಂತೆ ಅಲಿ ಹತ್ತಿರ ಬಂದು ಕೇಳಿದ: "ಫಕೀರ್ ಭಾಯಿ, ಯಾಕೆ ಮಾತಾಡಲಿಲ್ಲ ಅವರು?"

"ಮುಂದಿನ ವಾರ ಹೇಳುತ್ತೇನೆ."

ಮುಂದಿನ ವಾರ ಹೇಳಿದರು, ಅದರ ಮುಂದಿನ ವಾರವೂ. ಟಾಸ್ಕರ್ ಇದ್ದ ಚಿತ್ರಗಳು ಒಂಬತ್ತು. ಅವೇ ಕ್ಯಾಂಪಿನಿಂದ ಕ್ಯಾಂಪಿಗೆ ತಿರುಗಿ ಬರುತ್ತಿದ್ದವು. ರೀಲು ಬದಲಾಗುವ ನಾಲ್ಕು ನಿಮಿಷಗಳಲ್ಲಿ, ಬಿಸಿ ಯಂತ್ರದ ಎಣ್ಣೆವಾಸನೆಯ ನಡುವೆ, ಅವನ ಬಾಳು ಬೆಳೆಯಿತು. ಮೂಕಿ ಚಿತ್ರಗಳ ಕಾಲದಲ್ಲಿ ಅವನು ನಾಯಕನಾಗಿದ್ದ. ಮಾತಿನ ಚಿತ್ರಗಳು ಬಂದಾಗ ಅವನ ಕೀರಲು ಧ್ವನಿ ಕೇಳಿ ಜನ ನಕ್ಕರು. ಅಂದಿನಿಂದ ಸಣ್ಣ ಪಾತ್ರಗಳಿಗೆ ಇಳಿದ, ಆದರೆ ಪ್ರತಿದಿನ ಬೆಳಿಗ್ಗೆ ಅದೇ ಇಸ್ತ್ರಿಯ ಅಂಗಿ ತೊಟ್ಟು ಸ್ಟುಡಿಯೋಗೆ ನಡೆದುಹೋಗುತ್ತಿದ್ದ. ಕಡೆಗೊಂದು ದಿನ ಅಣ್ಣನ ಬಾಗಿಲಿಗೆ ಹೋದ. ಸರಿ ಯಾರದು, ತಪ್ಪು ಯಾರದು ಎಂದು ಕೇಳಲಿಲ್ಲ. ಟೋಪಿ ತೆಗೆದು, ಕುಡಿಯಲು ನೀರು ಬೇಕು ಎಂದ.

ಅದನ್ನು ಕೇಳಿದ ಮರುದಿನ, ಶುಕ್ರವಾರ, ಅಲಿ ಪಿಕಪ್ಪು ಹತ್ತಿ ಊರಿಗೆ ಹೋದ. ತಂದೆ ತೀರಿಕೊಂಡ ಮೇಲೆ ಅವನೂ ಅಣ್ಣ ಹಮೂದರೂ ಎರಡು ವರ್ಷ ಮಾತು ಬಿಟ್ಟಿದ್ದರು. ಊರಿನ ಖರ್ಜೂರದ ತೋಟಗಳಿಗೆಲ್ಲ ಫಲಜ್ ಎನ್ನುವ ಕಾಲುವೆಯೊಂದೇ ಆಧಾರ. ಪ್ರತಿ ಮನೆಗೂ ನೀರಿನ ಸರದಿಯ ಗಂಟೆಗಳಿವೆ. ತಂದೆಯ ಸರದಿಯಲ್ಲಿ ಬೆಳಗಿನ ಪಾಲು ಯಾರಿಗೆ ಎಂಬುದೇ ಜಗಳ. ಅಲಿ ಅಣ್ಣನ ಬಾಗಿಲಲ್ಲಿ ನಿಂತು ಕುಡಿಯಲು ನೀರು ಕೇಳಿದ. ಹಮೂದರು ಕೊಟ್ಟರು. ಅಂದಿನಿಂದ ಎರಡೂ ಮನೆಗಳ ತಟ್ಟೆ ಒಂದೇ ಆಯಿತು.

ಇದೆಲ್ಲ ಆಗಿ ನಲವತ್ತಾರು ವರ್ಷ. ಮಗಳು ಮಾಧುರಿಗೆ ಬೌಷರ್‌ನ ಕಚೇರಿಯಿಂದ ಪುಣೆಗೆ ವರ್ಗವಾಗಿತ್ತು. ತಿಂಗಳ ಕೊನೆಗೆ ಇಡೀ ಸಂಸಾರ ಒಮಾನನ್ನು ಬಿಡುವುದಿತ್ತು. ಸುದ್ದಿ ಕೇಳಿ ಅಲಿ ಫೋನು ಮಾಡಿದ.

"ಈ ಶುಕ್ರವಾರ ಬರಲೇಬೇಕು ಫಕೀರ್ ಭಾಯಿ. ಟಾಸ್ಕರನ ಕತೆಯನ್ನು ಹಮೂದ್ ನನ್ನ ಬಾಯಲ್ಲಿ ಕೇಳಿದ್ದಾನೆ, ನಿನ್ನ ಬಾಯಲ್ಲಿ ಕೇಳಿಲ್ಲ. ಎಂಬತ್ತರ ಹತ್ತಿರ ಬಂದ. ನಮಾಜಿನ ನಂತರ ಟಾಸ್ಕರನ ಅಣ್ಣನಿಗಾಗಿ ಈಗಲೂ ಪ್ರಾರ್ಥಿಸುತ್ತಾನೆ, ಗೊತ್ತಾ? ಬಂದು ಹೇಳು. ಖಲಾಸ್, ನಾನು ಇನ್ನೇನೂ ಕೇಳುವುದಿಲ್ಲ."

ಬರಿಗೈಯಲ್ಲಿ ಹೋಗಬಾರದೆಂದು, ಟಾಸ್ಕರ್‌ನ ಒಂದು ಚಿತ್ರಪಟ ಹುಡುಕಿಕೊಡು ಎಂದು ಫಕೀರಪ್ಪ ಮೊಮ್ಮಗಳಿಗೆ ಹೇಳಿದರು. ಹದಿಮೂರರ ಖುಷಿ ಎರಡು ನಿಮಿಷದಲ್ಲಿ ಹುಡುಕಿದಳು. ಅದೇ ತೆಳ್ಳನೆಯ ಮುಖ. ಫಕೀರಪ್ಪ ಅದರ ಮೇಲೆ ಬೆರಳಿಟ್ಟರು.

"ಇವ್ನೇ ನೋಡವ್ವ. ಕೆಳಗ ಏನ್ ಬರದಾರ ಓದು."

"ಬರೀ ನಾಲ್ಕು ಲೈನ್ ಇದೆ ಅಜ್ಜ. ಬಾರ್ನ್ ಏಯ್ಟೀನ್ ನೈಂಟಿನೈನ್. ಅನಾಥಾಲಯದಲ್ಲಿ ಬೆಳೆದ. ಅರವತ್ತೊಂದು ಫಿಲ್ಮು, ಹೆಚ್ಚಿನದ್ರಲ್ಲಿ ಹೆಸರೇ ಹಾಕಿಲ್ಲ. ನೆವರ್ ಮ್ಯಾರೀಡ್."

"ಅಣ್ಣನ ಬಗ್ಗೆ?"

"ಯಾವ ಅಣ್ಣ? ಓನ್ಲಿ ಚೈಲ್ಡ್ ಅಂತಿದೆ."

ಫಕೀರಪ್ಪ ಕಿಟಕಿಯತ್ತ ತಿರುಗಿದರು. ವಿಚಿತ್ರವೆಂದರೆ ಅವರಿಗೆ ಮೊದಲು ಅನ್ನಿಸಿದ್ದು, ಬರೆದವರು ತಪ್ಪು ಮಾಡಿದ್ದಾರೆ ಎಂದು. ಆ ಅಣ್ಣನ ಮುಖ, ಅವನು ನೀರಿನ ಲೋಟ ಹಿಡಿದ ರೀತಿ ಎಲ್ಲವೂ ಕಣ್ಣಮುಂದಿತ್ತು. ಆಮೇಲೆ ನಿಧಾನವಾಗಿ, ನಿದ್ದೆಯಿಂದ ಎದ್ದವನಿಗೆ ಕೋಣೆ ಗುರುತಾಗುವಂತೆ, ತಪ್ಪು ಡಬ್ಬಿಯಿಂದ ತೆಗೆದ ರೀಲು ನೆನಪಾಯಿತು. ಆ ಅಣ್ಣನನ್ನು ಕತ್ತಲೆಯಲ್ಲಿ ನಿಂತು ಕೂಗಿ ಹುಟ್ಟಿಸಿದವರು ಅವರೇ. ಯಾವ ವರ್ಷದಲ್ಲಿ ಅದನ್ನು ಮರೆತರೋ ಅವರಿಗೂ ತಿಳಿಯಲಿಲ್ಲ.

ಊಟದ ಹೊತ್ತಿಗೆ ವಿಷಯ ಮನೆಯವರಿಗೆಲ್ಲ ಗೊತ್ತಾಯಿತು.

"ಹೇಳಬ್ಯಾಡ ಬಿಡಪ್ಪ," ಎಂದಳು ಮಾಧುರಿ. "ಆ ಕತಿ ಮ್ಯಾಲ ಅಣ್ಣತಮ್ಮ ಒಂದಾಗ್ಯಾರ. ಹೊರಡೋ ಮುಂದ ಅದನ್ಯಾಕ ಕೆಡಸ್ತಿ?"

"ಆ ಮುದಕಪ್ಪ ಇಲ್ಲದ ಮನಷ್ಯಾನ ಸಂಬಂಧ ದೇವರ ಮುಂದ ಕೈ ಎತ್ತಾಕತ್ತಾನಲ್ಲ," ಎಂದರು ಫಕೀರಪ್ಪ. "ಅದಕ್ಕೇನ್ ಮಾಡ್ಲಿ?"

ಮಲ್ಲವ್ವ ರೊಟ್ಟಿ ಮುರಿಯುತ್ತ ಹೇಳಿದರು: "ನನಗಂತೂ ನಲವತ್ತು ವರ್ಷದಿಂದ ಅವ್ನು ಸವತಿ ಇದ್ದಂಗ ಇದ್ದ. ಹೇಳಿ ಮುಗಸ್ರಿ, ಮನಿ ಬಿಟ್ಟು ಹೋಗ್ಲಿ."

ಶುಕ್ರವಾರ ಮಾಧುರಿ ಕಾರು ಓಡಿಸಿದಳು. ಬೆಟ್ಟಗಳು ನೀಲಿಯಿಂದ ಕಂದಾಗಿ, ಕಂದಿನಿಂದ ಬೂದಿಯಾಗಿ ಬದಲಾಗುತ್ತಿದ್ದವು. ಫಕೀರಪ್ಪ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದರು. ಹೇಳಿದರೆ ಅಲಿ ತಮ್ಮನ್ನು ಮತ್ತೆ ಮನೆಯೊಳಗೆ ಕರೆಯುವನೇ? ಹೇಳದಿದ್ದರೆ, ಪುಣೆಯ ಯಾವುದೋ ಕಿಟಕಿಯ ಬಳಿ ಕುಳಿತು ಆ ಮುದುಕರ ಪ್ರಾರ್ಥನೆಯನ್ನು ನೆನೆಯುತ್ತ ಎಷ್ಟು ಮಧ್ಯಾಹ್ನಗಳನ್ನು ಕಳೆಯುವುದು?

ನಮಾಜು, ಊಟ ಮುಗಿದ ಮೇಲೆ ಮಾಧುರಿಯನ್ನು ಮನೆಯ ಹೆಂಗಸರು ಒಳಗೆ ಕರೆದೊಯ್ದರು. ಗಂಡಸರು ಖರ್ಜೂರದ ನೆರಳಿನಲ್ಲಿ ಚಾಪೆ ಹಾಸಿದರು. ಪಕ್ಕದಲ್ಲೇ ಫಲಜ್ ಸಣ್ಣ ಸದ್ದಿನಲ್ಲಿ ಹರಿಯುತ್ತಿತ್ತು. ಹಮೂದರಿಗೆ ಅರಬ್ಬಿ ಬಿಟ್ಟು ಬೇರೆ ಭಾಷೆಯಿಲ್ಲ. ಫಕೀರಪ್ಪ ಕ್ಯಾಂಪಿನ ಹಿಂದಿಯಲ್ಲಿ ಹೇಳುವುದು, ಅಲಿ ಅದನ್ನು ಅಣ್ಣನಿಗೆ ಅರಬ್ಬಿಯಲ್ಲಿ ದಾಟಿಸುವುದು ಎಂದು ತೀರ್ಮಾನವಾಯಿತು.

"ಯಲ್ಲಾ, ಶುರು ಮಾಡು," ಎಂದ ಅಲಿ. ಅವನ ಬಿಳಿಗಡ್ಡದೊಳಗೆ ಹಳೆಯ ಗುರುವಾರಗಳ ಕುತೂಹಲವಿತ್ತು.

"ಟಾಸ್ಕರ್‌ಗೆ ಅಣ್ಣ ಇರಲಿಲ್ಲ, ಅಲಿ."

ಅಲಿ ಅರಬ್ಬಿಗೆ ತಿರುಗಿಸಲು ಬಾಯಿ ತೆರೆದವನು ಹಾಗೆಯೇ ಉಳಿದ.

"ಅಂದು ರೀಲು ಅದಲುಬದಲಾಗಿತ್ತು. ನೀವೆಲ್ಲ ನಕ್ಕಿರಿ ಎಂದು ಅಣ್ಣನನ್ನು ನಾನು ಹುಟ್ಟಿಸಿದೆ. ಜಗಳ, ಬಾಗಿಲು, ನೀರು ಎಲ್ಲವೂ ನನ್ನದೇ. ಅವನು ಅನಾಥ. ಒಬ್ಬನೇ ಇದ್ದ, ಒಬ್ಬನೇ ಸತ್ತ."

"ಏನಂತೆ?" ಎಂದು ಹಮೂದರು ತಮ್ಮನ ಮೊಣಕಾಲು ತಟ್ಟಿದರು. ಅಲಿಯ ದೃಷ್ಟಿ ಫಕೀರಪ್ಪನವರ ಮುಖದಿಂದ ಕದಲಲಿಲ್ಲ. ಹಮೂದರು ಮತ್ತೊಮ್ಮೆ ಕೇಳಿದರು. ಕಡೆಗೆ ಫಕೀರಪ್ಪನವರೇ, ತರಕಾರಿ ಕೊಳ್ಳಲು ಕಲಿತಿದ್ದ ತಮ್ಮ ಮುರುಕು ಅರಬ್ಬಿಯಲ್ಲಿ, ಅಣ್ಣ ಇಲ್ಲ, ಕತೆ ಸುಳ್ಳು, ಸುಳ್ಳು ನನ್ನದು ಎಂದು ಮೂರು ತುಂಡು ಮಾಡಿ ಹೇಳಿದರು.

ಹಮೂದರು ಕಾಲುವೆಯ ನೀರಿಗೆ ಬೆರಳು ಅದ್ದಿದರು. ನಂತರ ತಮ್ಮನ ಕಡೆ ತಿರುಗಿ ನಿಧಾನವಾಗಿ ಮಾತಾಡತೊಡಗಿದರು. ಫಕೀರಪ್ಪನವರಿಗೆ ಅರ್ಧಮರ್ಧ ತಿಳಿಯಿತು, ಉಳಿದದ್ದನ್ನು ಅಲಿಯ ಮುಖ ಹೇಳಿತು.

"ಆ ಶುಕ್ರವಾರ ನೀನು ಬಂದೆಯಲ್ಲ, ಅದಕ್ಕೆ ಮುಂಚೆಯೇ ಬೆಳಗ್ಗೆ ನಾನು ನನ್ನ ಸರದಿಯ ನೀರನ್ನು ನಿನ್ನ ತೋಟಕ್ಕೆ ಬಿಟ್ಟಿದ್ದೆ. ನೀನು ಕ್ಯಾಂಪಿನಲ್ಲಿದ್ದೆ, ನಿನ್ನ ಗಿಡಗಳು ಒಣಗುತ್ತಿದ್ದವು. ಕಲ್ಲು ತೆಗೆದು, ಬಟ್ಟೆ ತುರುಕಿ, ಕಾಲುವೆ ತಿರುಗಿಸಿ ಮನೆಗೆ ಬಂದು ಕೈ ತೊಳೆಯುತ್ತಿದ್ದೇನೆ, ಬಾಗಿಲಲ್ಲಿ ನೀನು! ಕುಡಿಯಲು ನೀರು ಬೇಕು ಎಂದೆ. ಯಾರೋ ನೋಡಿ ನಿನಗೆ ಹೇಳಿಬಿಟ್ಟರು ಎಂದುಕೊಂಡೆ. ನೀನು ಅಮೆರಿಕದವನ ಕತೆ ತೆಗೆದೆ. ಎಷ್ಟು ಸಂತೋಷವಾಗಿತ್ತು ನಿನಗೆ, ನೀನೇ ಮೊದಲು ಬಂದೆ ಎಂದು. ನಾನು ಸುಮ್ಮನಾದೆ."

"ನಲವತ್ತಾರು ವರ್ಷ!" ಅಲಿ ಸಿಡಿದೆದ್ದ. "ನಾನೇ ಮೊದಲು ಸೋತೆ, ನಾನೇ ದೊಡ್ಡ ಮನಸ್ಸು ಮಾಡಿದೆ ಎಂದು ಮಕ್ಕಳಿಗೆ, ಮೊಮ್ಮಕ್ಕಳಿಗೆ, ಮಸೀದಿಯಲ್ಲಿ ಕೂಡ ಹೇಳಿಕೊಂಡು ತಿರುಗಿದೆನಲ್ಲ! ಇವನು ಇಲ್ಲದ ಅಣ್ಣನನ್ನು ತೋರಿಸಿದ, ಇದ್ದ ಅಣ್ಣ ಬಾಯಿ ಮುಚ್ಚಿಕೊಂಡ. ಇಬ್ಬರೂ ಸೇರಿ ನನ್ನನ್ನು ಏನು ಮಾಡಿದಿರಿ?"

ಚಪ್ಪಲಿ ಮೆಟ್ಟದೆ ಎದ್ದು ತೋಟದೊಳಗೆ ಹೋದ. ಫಕೀರಪ್ಪ ಏಳಲು ಹೊರಟರು. ಹಮೂದರು ಅವರ ತೋಳು ಹಿಡಿದು ಕೂರಿಸಿ, ಲೋಟಕ್ಕೆ ಕಾವಾ ಕಾಫಿ ಬಗ್ಗಿಸಿದರು. ಹಿಂದಿಯಿಲ್ಲದ ಒಬ್ಬರು, ಅರಬ್ಬಿ ಸಾಲದ ಇನ್ನೊಬ್ಬರು, ಮರದ ನೆರಳು ಚಾಪೆಯ ಅಂಚಿನಿಂದ ನಡುವಿನವರೆಗೆ ಸರಿಯುವಷ್ಟು ಹೊತ್ತು ಕಾವಾ ಕುಡಿಯುತ್ತ ಕುಳಿತರು. ಗಾಳಿಗೆ ಗರಿಗಳು ಅಲುಗಿದಾಗ ಬೆಳಕಿನ ಚೂರುಗಳು ಅವರ ಮೇಲೆ ಉದುರಿ ಮಾಯವಾಗುತ್ತಿದ್ದವು. ನಲವತ್ತು ವರ್ಷ ದುಡಿದ ಈ ನೆಲದಿಂದ ಹೀಗೆ, ಗೆಳೆಯನ ಬೆನ್ನು ನೋಡಿ ಹೋಗಬೇಕಾಗುವುದೇನೋ ಎಂದು ಫಕೀರಪ್ಪ ಅಂದುಕೊಂಡರು.

ಅಲಿ ಮರಳಿ ಬಂದಾಗ ಮೊಣಕಾಲಿನವರೆಗೆ ಒದ್ದೆಯಾಗಿದ್ದ. ಫಕೀರಪ್ಪನವರ ಪಕ್ಕದಲ್ಲಿ ಕೂರದೆ ಎದುರಿಗೆ, ಅಣ್ಣನಿಗೆ ತಾಗಿ ಕುಳಿತ.

"ಹಮೂದ್ ಬೆಳಗಿನಿಂದ ಕಾದಿದ್ದಾನೆ," ಎಂದ ಬಿಗಿಯಾಗಿ. "ಕತೆ ಹೇಳು. ಆದರೆ ಎಲ್ಲೆಲ್ಲಿ ಸುಳ್ಳು ಬರುತ್ತದೋ ಅಲ್ಲಲ್ಲೇ ಹೇಳುತ್ತ ಹೋಗು. ನಾನೂ ಹಾಗೇ ದಾಟಿಸುತ್ತೇನೆ."

ಫಕೀರಪ್ಪ ಕಣ್ಣು ಮುಚ್ಚಿದರು.

"ಒಂದು ಸಣ್ಣ ರೈಲು ನಿಲ್ದಾಣ. ಹಿಮ ಬೀಳುತ್ತಿದೆ."

"ಸುಳ್ಳಾ?"

"ಗೊತ್ತಿಲ್ಲ ಅಲಿ. ಬಿದ್ದಿರಬಹುದು."

ಅಲಿ ಅಣ್ಣನ ಕಿವಿಯ ಬಳಿ ಬಾಗಿ ಹೇಳಿದ. ಹಿಮ ಎಂಬುದಕ್ಕೆ ಅವನು ಎರಡೂ ಕೈಗಳನ್ನು ಮೇಲೆತ್ತಿ, ಬೆರಳುಗಳನ್ನು ಮೆಲ್ಲಗೆ ಇಳಿಸಿ ತೋರಿಸಬೇಕಾಯಿತು. ಹಮೂದರು ತಲೆದೂಗಿದರು.

"ಮುಂದೆ?" ಎಂದ ಅಲಿ.